ಇನ್ನೂ ಅಷ್ಟು ಕೆಟ್ಟಿಲ್ಲ

ತುರ್ತು ಕರೆ ಕೇಂದ್ರದಲ್ಲಿ ಮೊದಲು ಕೇಳಬೇಕಾದ್ದು ಜಾಗ, ಉಳಿದದ್ದೆಲ್ಲ ಆಮೇಲೆ. ನಡುವೆ ಲೈನು ಕಟ್ಟಾದರೂ ಆಂಬುಲೆನ್ಸು ಹೊರಡಬಹುದಲ್ಲ, ಅದಕ್ಕೆ. ಅಕ್ಕನಿಗೆ ಇದು ನಿದ್ದೆಗಣ್ಣಲ್ಲೂ ತಪ್ಪದಷ್ಟು ರೂಢಿಯಾಗಿತ್ತು. ಕೇಂದ್ರದಲ್ಲಿ ಅವಳಿಗಿಂತ ಚಿಕ್ಕವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಯಾರ ಗೋಳು ಕೇಳಿದರೂ ಅವಳ ದನಿ ಏರುತ್ತಿರಲಿಲ್ಲ. ಅದಕ್ಕೆ ಸಂದ ಮರ್ಯಾದೆ ಅದು. ಆವತ್ತು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ, ಹೆಡ್‌ಫೋನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಂತೆ ಕರೆ ಬಂತು.

"ಎಲ್ಲಿಂದ ಮಾತಾಡ್ತಿದ್ದೀರ?"

"ಪಶುವೈದ್ಯ ಕಾಲೇಜು. ಹಿಂದುಗಡೆ, ದೊಡ್ಡ ಪ್ರಾಣಿಗಳ ವಾರ್ಡು." ಹುಡುಗಿಯ ದನಿಗೆ ಏದುಸಿರು ಹತ್ತಿತ್ತು. "ನಮ್ಮ ಕ್ಲಾಸಿನವನು. ಹಸು ಹಿಡ್ಕೊಂಡು ನಿಂತಿದ್ದ, ಹಾಗೇ ಕುಸಿದ. ಹಸು ತುಳಿದಿಲ್ಲ, ನಾವು ಈಚೆ ಎಳ್ಕೊಂಡ್ವಿ."

"ಉಸಿರಾಡ್ತಿದ್ದಾರಾ? ಎದೆ ಏರಿಳಿಯೋದು ಕಾಣ್ತಿದೆಯಾ?"

"ಕಾಣ್ತಿದೆ. ಆದ್ರೆ ಕೈ ತಣ್ಣಗೆ ಕೊರೀತಿದೆ."

"ಹೆಸರು ಹಿಡಿದು ಕೂಗಿ. ಕಣ್ಣು ಬಿಡ್ತಾರಾ ನೋಡಿ."

ಫೋನು ನೆಲದ ಮೇಲಿಟ್ಟ ಸದ್ದು. ಆಚೆಯಿಂದ ಹುಡುಗಿ ಕೂಗುವುದು ಕೇಳಿಸಿತು. "ಕರಡಿ. ಏ ಕರಡಿ, ಕಣ್ಣು ಬಿಡೋ."

ಅಕ್ಕನ ಬೆರಳು ಕೀಲಿಮಣೆಯ ಮೇಲೆ ನಿಂತುಹೋಯಿತು. ಆ ಕಾಲೇಜಿನಲ್ಲಿ ಕರಡಿ ಎಂದು ಕರೆಸಿಕೊಳ್ಳುವವನು ಒಬ್ಬನೇ, ಅವಳ ತಮ್ಮ. ಹುಟ್ಟಿದಾಗ ಮೈತುಂಬ ಕೂದಲು, ಕೈಕಾಲು ಗುಂಡಗುಂಡಗೆ ಎಂದು ಸೋದರಮಾವ ಇಟ್ಟ ಹೆಸರು. ಕಾಲೇಜಿಗೆ ಸೇರಿದ ಮೊದಲ ದಿನ, ಬೇರೆ ಯಾರಾದರೂ ಅಡ್ಡಹೆಸರು ಕಟ್ಟುವ ಮೊದಲೇ ಅವನೇ ಅದನ್ನು ಎಲ್ಲರಿಗೂ ಹೇಳಿಬಿಟ್ಟಿದ್ದ.

"ಕಣ್ಣು ಬಿಟ್ಟ," ಎಂದಳು ಹುಡುಗಿ.

"ಒಳ್ಳೇದು. ಅವರನ್ನ ಒಂದು ಮಗ್ಗುಲಿಗೆ ಮಲಗಿಸಿ. ಏನಾದ್ರೂ ಹೊದಿಸಿ. ಕುಡಿಯೋದಕ್ಕೆ ಏನೂ ಕೊಡಬೇಡಿ. ಗಾಡಿ ಹೊರಟಿದೆ, ನಾನು ಲೈನಲ್ಲೇ ಇರ್ತೀನಿ."

ತಮ್ಮನಿಗೆ ಅವರು, ಇವರು ಎಂದದ್ದು ಜನ್ಮದಲ್ಲಿ ಅದೇ ಮೊದಲು. ಆಂಬುಲೆನ್ಸಿನವರು ತಲುಪಿದರು ಎಂದು ಗೊತ್ತಾಗುವವರೆಗೂ ಅವಳು ಕದಲಲಿಲ್ಲ. ಆಮೇಲೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಪಾಳಿಯ ಮುಖ್ಯಸ್ಥರ ಹತ್ತಿರ ಹೋಗಿ, "ಸಾರ್, ಈಗ ಬಂದ ಕರೆ ನನ್ನ ತಮ್ಮಂದು," ಎಂದಳು. ಅವರು ಕೂಡಲೇ ಅವಳ ಕುರ್ಚಿಗೆ ಬೇರೆಯವರನ್ನು ಕೂರಿಸಿದರು.

ಆಸ್ಪತ್ರೆಯಲ್ಲಿ ಅವನ ಕೈಗೆ ಡ್ರಿಪ್ಪು ಹಾಕಿದ್ದರು. ಸಗಣಿ ಮೆತ್ತಿದ ಬೂಟು ಮಂಚದ ಕೆಳಗಿತ್ತು. ಅಕ್ಕನನ್ನು ನೋಡಿ ಅವನು ನಗಲು ನೋಡಿದ.

"ನಿದ್ದೆ ಸಾಲ್ದೆ ಹಿಂಗಾಯ್ತು ಅಕ್ಕ. ಪರೀಕ್ಷೆ ಅಲ್ವಾ."

ಕರ್ತವ್ಯದಲ್ಲಿದ್ದ ವೈದ್ಯನೂ ಹೆಚ್ಚುಕಡಿಮೆ ಅದನ್ನೇ ಹೇಳಿದ. ರಕ್ತದ ವರದಿಯಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ, ಸುಸ್ತಾಗಿದ್ದಾನೆ, ಹೊತ್ತುಹೊತ್ತಿಗೆ ಊಟ ಮಾಡಲಿ. ವೈದ್ಯನಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಯಾರೋ ನರಳುತ್ತಿದ್ದರು. ಅಕ್ಕ ತಮ್ಮನ ಅಂಗಿಯ ಗುಂಡಿ ಹಾಕಲು ಬಗ್ಗಿದಾಗ ಒಳಗೆ ಇನ್ನೊಂದು ಅಂಗಿ, ಅದರೊಳಗೆ ಮತ್ತೊಂದು ಕಾಣಿಸಿತು. ಹೊರಗೆ ಬಿಸಿಲು ಸುಡುತ್ತಿತ್ತು. ಅವನ ಕೊರಳ ಮೂಳೆಗಳ ನಡುವಿನ ಗುಳಿಯಲ್ಲಿ ನಾಡಿ ನಿಧಾನವಾಗಿ ಹೊಡೆದುಕೊಳ್ಳುತ್ತಿತ್ತು.

ಕಾರಿಡಾರಿನಲ್ಲಿ ಆ ಹುಡುಗಿ ಕಾಯುತ್ತಿದ್ದಳು. ಅವನ ಜೊತೆ ಪ್ರಾಕ್ಟಿಕಲ್ ಮಾಡುವವಳು. ಮಾತಿಗೆ ಮಾತು ಬೆಳೆಸುವುದರಿಂದ ಕ್ಲಾಸಿನಲ್ಲಿ ಎಲ್ಲರೂ ವಕೀಲೆ ಎನ್ನುತ್ತಿದ್ದರಂತೆ. ಈಗ ಮಾತ್ರ ಮಾತು ಹುಡುಕುತ್ತಿದ್ದಳು.

"ಚಾಡಿ ಹೇಳ್ತಿದೀನಿ ಅಂದ್ಕೋಬೇಡಿ ಅಕ್ಕ. ಅವನು ನಮ್ಮ ಜೊತೆ ಊಟಕ್ಕೆ ಕೂತು ತುಂಬ ದಿನ ಆಯ್ತು. ಮೆಸ್ಸಲ್ಲಿ ಎಲ್ರಿಗೂ ಬಡಿಸ್ತಾನೆ, ಎಲ್ರ ತಟ್ಟೆ ನೋಡ್ತಾನೆ, ಇನ್ನೂ ಹಾಕ್ಕೊ ಅಂತಾನೆ. ಕೇಳಿದ್ರೆ ಅಕ್ಕನ ಮನೇಲಿ ತಿಂದು ಬಂದೆ ಅಂತಾನೆ."

ಅಕ್ಕನ ಮನೆಗೆ ಅವನು ಭಾನುವಾರ ಮಾತ್ರ ಬರುತ್ತಿದ್ದ. ಬಂದಾಗಲೆಲ್ಲ ಮೆಸ್ಸಿನಲ್ಲಿ ತಿಂದು ಬಂದೆ ಎನ್ನುತ್ತಿದ್ದ.

ಅವತ್ತು ಅವಳು ಅವನನ್ನು ಹಾಸ್ಟೆಲಿಗೆ ಬಿಡಲಿಲ್ಲ, ತನ್ನ ಮನೆಗೇ ಕರೆದುಕೊಂಡು ಹೋದಳು. ಅಡುಗೆಮನೆಯೂ ಹಾಲೂ ಒಂದೇ ಆಗಿರುವ ಮನೆ ಅದು, ಕಿಟಕಿಯ ಪಕ್ಕ ಸಣ್ಣ ಮೇಜು. ಅನ್ನ, ಸಾರು, ಬೇಯಿಸಿದ ಮೊಟ್ಟೆ ಇಟ್ಟು ಎದುರಿಗೆ ಕೂತಳು. ಅವನು ಮೊಟ್ಟೆಯನ್ನು ಎರಡು ಮಾಡಿದ, ಎರಡನ್ನು ನಾಲ್ಕು ಮಾಡಿದ, ನಾಲ್ಕನ್ನು ತಟ್ಟೆಯ ಅಂಚಿಗೆ ಸರಿಸಿದ. ಹಣೆಯಲ್ಲಿ ಬೆವರು ಮೂಡಿತು. ಅಕ್ಕ ಬೈಯಲಿಲ್ಲ. ದಿನವಿಡೀ ಪರರ ಉಸಿರು ಕಿವಿಯಿಟ್ಟು ಕೇಳುವವಳು ಅವಳು. ಅವನ ಉಸಿರು ಮೇಲುಮೇಲಕ್ಕೆ ಬರುತ್ತಿತ್ತು, ನೀರಿಗೆ ಬಿದ್ದವರ ಹಾಗೆ.

"ಹೆದರಿಕೆ ಆಗ್ತಿದೆಯೇನೋ?" ಎಂದಳು ಮೆಲ್ಲಗೆ.

ಅವನು ತಟ್ಟೆಯನ್ನೇ ನೋಡುತ್ತ ಹೇಳಿದ. "ಒಳಗೊಬ್ಬ ಮೇಷ್ಟ್ರು ಕೂತಿದ್ದಾನೆ ಅಕ್ಕ. ತುತ್ತು ಎತ್ತಿದ್ರೆ ಸಾಕು, ಬೆತ್ತ ತಗೋತಾನೆ. ಹಸಿವಿಲ್ಲ ಅಂತ ಅಲ್ಲ. ಹಸಿವು ಪ್ರಾಣ ತಿಂತಿದೆ. ತಿನ್ನೋಕೆ ಆಗ್ತಿಲ್ಲ."

"ಯಾವಾಗಿಂದ?"

"ಗೊತ್ತಿಲ್ಲ. ಯಾಕೆ ಅಂತ ಮಾತ್ರ ಕೇಳ್ಬೇಡ, ಅದೂ ಗೊತ್ತಿಲ್ಲ. ಮೊದಮೊದಲು ಎಲ್ರೂ ಚೆನ್ನಾಗಿ ಇಳಿದಿದೀಯ ಅಂದ್ರು. ಅಪ್ಪನೂ ಅಂದ್ರು." ತಲೆ ಎತ್ತಿದ. "ಅಪ್ಪಂಗೆ ಹೇಳ್ಬೇಡ. ಆಣೆ ಮಾಡು."

ಆ ಗಳಿಗೆಯಲ್ಲಿ ಅವನು ಏನು ಕೇಳಿದ್ದರೂ ಅವಳು ಒಪ್ಪುತ್ತಿದ್ದಳು. ಒಪ್ಪಿದಳು.

ಅವರ ಅಪ್ಪ ಬ್ರೆಡ್ಡು ಮಾಡುವವರು. ಒಂದು ರಾತ್ರಿಯ ರೈಲು ದೂರದ ಊರಿನಲ್ಲಿ ಬೇಕರಿ, ಬೇಕರಿಯ ಮೇಲೇ ಮನೆ. ಅಮ್ಮ ಗಲ್ಲಾದಲ್ಲಿ ಕೂತು ಗಿರಾಕಿಗಳ ಮಕ್ಕಳ ಮದುವೆ, ಹೆರಿಗೆ ಎಲ್ಲ ವಿಚಾರಿಸುತ್ತಿದ್ದರು. ಅಪ್ಪನಿಗೆ ಪ್ರೀತಿ ಮಾಡಲು ಗೊತ್ತಿದ್ದದ್ದು ಒಂದೇ ದಾರಿಯಲ್ಲಿ, ಬಿಸಿ ಬ್ರೆಡ್ಡು ಮುರಿದು ಕೈಗಿಡುವುದು. ಜ್ವರ ಬಂದರೂ ಅದೇ, ಫೇಲಾದರೂ ಅದೇ, ಹಿಂದಿನ ದಿನ ಜಗಳವಾಗಿದ್ದರೂ ಅದೇ. ಕಳೆದ ರಜೆಯಲ್ಲಿ ಮಗ ಬಂದಾಗ ಗಿರಾಕಿಗಳ ಮುಂದೆ, "ಕಳಿಸಿದ್ದು ಕರಡಿ, ವಾಪಸ್ ಬಂದಿದ್ದು ಕಡ್ಡಿ," ಎಂದು ನಕ್ಕಿದ್ದರು. ಎಲ್ಲರೂ ನಕ್ಕಿದ್ದರು. ತಮ್ಮನೂ ನಕ್ಕಿದ್ದ.

ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಐವತ್ತು ದಾಟಿದವರು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ತಮ್ಮ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಅವನು ಹೇಳದೆ ಬಿಟ್ಟದ್ದನ್ನು ಅಕ್ಕ ಹೇಳಿದಳು. ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ನೋಡಿದರು.

"ಇದು ಹಟ ಅಲ್ಲ, ಚಟ ಅಲ್ಲ, ಕಾಯಿಲೆ," ಎಂದರು. "ಪ್ರತಿ ವರ್ಷ ಪರೀಕ್ಷೆ ಹತ್ರ ಬಂದಾಗ ಈ ಕುರ್ಚಿಗೆ ಇಂಥ ಮಕ್ಕಳು ಬರ್ತಾರೆ. ಹೆಣ್ಣುಮಕ್ಕಳೂ ಬರ್ತಾರೆ, ಗಂಡುಮಕ್ಕಳೂ ಬರ್ತಾರೆ. ಗಂಡುಮಕ್ಕಳು ತಡವಾಗಿ ಬರ್ತಾರೆ, ಅಷ್ಟೇ ವ್ಯತ್ಯಾಸ. ವಾಸಿ ಆಗುತ್ತೆ. ಆದ್ರೆ ನನ್ನೊಬ್ಬಳ ಕೈಲಿ ಆಗೋ ಕೆಲ್ಸ ಅಲ್ಲ. ಇದಕ್ಕೇ ಅಂತ ಒಂದು ಕ್ಲಿನಿಕ್ ಇದೆ, ಸುತ್ತಮುತ್ತಲ ಊರುಗಳಿಗೆಲ್ಲ ಅದೊಂದೇ. ಕಳಿಸ್ತೀನಿ. ಕರೆ ಬರೋವರೆಗೆ ವಾರವಾರ ನನ್ನ ಹತ್ರ ಬರಬೇಕು."

ಕ್ಲಿನಿಕ್ಕಿನಿಂದ ಕರೆ ಬರುವಷ್ಟರಲ್ಲಿ ಮಳೆಗಾಲ ಹೋಗಿ ಚಳಿ ಶುರುವಾಗಿತ್ತು. ಅಷ್ಟು ದಿನ ಅವನು ಅಕ್ಕನ ಮನೆಯಲ್ಲೇ ಉಳಿದ, ಅವಳು ಎರಡು ಪಾಳಿಗಳ ನಡುವೆ ಬಸ್ಸು ಹತ್ತಿ ಮನೆಗೆ ಬಂದು ಅವನ ಜೊತೆ ತಟ್ಟೆಯ ಮುಂದೆ ಕೂತಳು. ಒಂದು ದಿನ ಅರ್ಧ ಬಟ್ಟಲು ಇಳಿದರೆ ಮಾರನೇ ದಿನ ಅದಕ್ಕೆ ಪ್ರಾಯಶ್ಚಿತ್ತ ಎನ್ನುವಂತೆ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದ. ಮಾತಿಗೆ ಮುಂಚೆ ಸಿಡುಕುತ್ತಿದ್ದ, ಆಮೇಲೆ ಅಳುತ್ತಿದ್ದ. ಅವಳಿಗೂ ಸಾಕುಸಾಕಾಗುತ್ತಿತ್ತು. ಒಂದು ಸಲ ತಟ್ಟೆಯನ್ನು ಸಿಂಕಿನಲ್ಲಿ ಕುಕ್ಕಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಕ್ಲಿನಿಕ್ಕು ಹಳೇ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿತ್ತು. ಕಾಯುವ ಕೋಣೆಯ ಗೋಡೆಯ ಮೇಲಿನ ಚಿತ್ರಗಳಲ್ಲೆಲ್ಲ ಕನ್ನಡಿ ನೋಡಿಕೊಳ್ಳುವ ಹುಡುಗಿಯರು. ಕೂತವರಲ್ಲಿ ತಮ್ಮನೊಬ್ಬನೇ ಗಂಡಸು. ಒಬ್ಬರು ತಾಯಿ ಅಕ್ಕನನ್ನು ನೋಡಿ, "ನಿಮಗಾ?" ಎಂದು ಕಣ್ಣಲ್ಲೇ ಕೇಳಿದರು. ಅಕ್ಕ ತಮ್ಮನ ಕಡೆ ತಿರುಗಿದಳು. ಆ ತಾಯಿ ಮುಜುಗರಪಟ್ಟು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.

ಒಳಗೆ ಪ್ರಶ್ನೆ ಕೇಳಿದವಳು ಚಿಕ್ಕ ವಯಸ್ಸಿನ ಹೆಂಗಸು, ಮೃದು ಮಾತಿನವಳು. ಮುಂದಿದ್ದ ಹಾಳೆಯಿಂದ ಓದುತ್ತ ಹೋಗಿ ಒಂದು ಕಡೆ ತಡವರಿಸಿದಳು.

"ಮುಟ್ಟು... ಇದು ನಿಮಗೆ ಅನ್ವಯಿಸಲ್ಲ. ಬಿಡಿ."

"ಇಲ್ಲ ಮೇಡಂ, ಸದ್ಯ ನಿಂತಿದೆ," ಎಂದ ತಮ್ಮ.

ಮೂವರೂ ನಕ್ಕುಬಿಟ್ಟರು. ಅವನ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. ಇನ್ನು ಪರವಾಗಿಲ್ಲ, ಸರಿಯಾದ ಕೈಗೆ ಸಿಕ್ಕಿದ್ದಾನೆ ಎಂದು ಅಕ್ಕನ ಎದೆ ಹಗುರಾಯಿತು. ಪ್ರಶ್ನೆ ಕೇಳಿದವಳು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಎತ್ತರ ಅಳೆದು, ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದಳು. ಬಂದಾಗ ಮುಖದ ಮೇಲೆ ಆ ನಗು ಇರಲಿಲ್ಲ.

"ನಿಮಗೆ ತೊಂದರೆ ಇರೋದು ನಿಜ. ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಇರೋ ಜಾಗ ಕಮ್ಮಿ, ತೂಕ ತೀರಾ ಇಳಿದವರಿಗೆ ಮೊದಲು ಅಂತ ಇಟ್ಕೊಂಡಿದೀವಿ. ನೀವು ಮೊದಲು ಗಟ್ಟಿಮುಟ್ಟಾಗಿದ್ರಿ, ಹಾಗಾಗಿ ಈಗಲೂ ಆ ಗೆರೆಗಿಂತ ಮೇಲೇ ಇದೀರಿ. ಇನ್ನೂ ಅಷ್ಟು ಕೆಟ್ಟಿಲ್ಲ. ಒಂದು ಪುಸ್ತಕ ಕೊಡ್ತೀನಿ, ಓದಿ. ಹೆಚ್ಚಾದ್ರೆ ನಿಮ್ಮ ಡಾಕ್ಟರ್ ಮತ್ತೆ ಕಳಿಸಲಿ."

ಹೊರಗೆ ಬಂದು ಅವನು ಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯ ಕಡೆ ಮುಖ ಮಾಡಿ, ಅರ್ಧ ತನಗೇ ಎಂಬಂತೆ ಹೇಳಿದ. "ಇದರಲ್ಲೂ ನಾನು ಸಾಲ್ದು ಅಂದ್ರು."

ಕ್ಲಿನಿಕ್ಕಿನ ಹೆಂಗಸು ಸಮಾಧಾನಕ್ಕೆ ಹೇಳಿದ ಮಾತನ್ನು ಅವನೊಳಗಿನ ಮೇಷ್ಟ್ರು ಹೇಗೆ ಕೇಳಿಸಿಕೊಂಡಿದ್ದ ಎಂಬುದು ಅಕ್ಕನಿಗೆ ಆ ಕ್ಷಣ ತಿಳಿಯಿತು. ಇನ್ನೂ ಕೆಡು, ಆಮೇಲೆ ಬಾ ಎಂದು.

ಅವಳ ಭಯ ಸುಳ್ಳಾಗಲಿಲ್ಲ. ಮುಂದಿನ ವಾರಗಳಲ್ಲಿ ಅವನು ಯಾರ ಮಾತಿಗೂ ಸಿಗದೆ ಇಳಿಯುತ್ತ ಹೋದ. ಪ್ರಾಕ್ಟಿಕಲ್‌ನಲ್ಲಿ ಕರುವಿನ ಕಾಲಿಗೆ ಪಟ್ಟಿ ಕಟ್ಟುವಾಗ ಗಂಟು ಬಿಗಿಯಲು ಅವನ ಬೆರಳಿಗೆ ಬಲವಿರುವುದಿಲ್ಲ, ನಾನೇ ಕಟ್ಟಿ ಅವನ ಹೆಸರು ಹೇಳುತ್ತೇನೆ ಎಂದು ವಕೀಲೆ ಫೋನಿನಲ್ಲಿ ಹೇಳಿದಳು. ಡಾಕ್ಟರಮ್ಮ ಕ್ಲಿನಿಕ್ಕಿಗೆ ಮತ್ತೆ ಬರೆದರು. ಈ ಸಲ ಸರದಿಗೆ ಸೇರಿಸಿಕೊಂಡಿದ್ದೇವೆ ಎಂದು ಉತ್ತರ ಬಂತು. ಆದರೆ ಡಾಕ್ಟರಮ್ಮ ಅಕ್ಕನನ್ನು ಕರೆದು ಇನ್ನೊಂದು ವಿಷಯ ಹೇಳಿದರು.

"ಮುಂದಿನ ತಿಂಗಳು ರಜೆ. ಊರಿಗೆ ಹೋದ ಅಂದ್ರೆ ಇಲ್ಲಿಯ ಸರದಿಯಿಂದ ತೆಗೀತಾರೆ, ಅಲ್ಲಿಯವರು ನೋಡ್ಕೋಬೇಕು ಅಂತ. ಅಲ್ಲಿಯವರನ್ನ ವಿಚಾರಿಸಿದೆ. ರಜೆ ಮುಗಿದ ಮೇಲೆ ವಾಪಸ್ ಹೋಗೋ ಹುಡುಗ, ನಾವು ಶುರು ಮಾಡಲ್ಲ ಅಂತಾರೆ. ಎಷ್ಟೋ ಮಕ್ಕಳು ಈ ಸಂದಿಯಲ್ಲೇ ಕೈಜಾರಿ ಹೋಗ್ತಾರಮ್ಮ. ಅವನು ಇಲ್ಲೇ, ನಿಮ್ಮ ಮನೇಲೇ ಇರಬೇಕು. ರಜೆಗೂ ಹೋಗಬಾರದು."

ರಜೆಗೆ ಮಗನನ್ನು ಕಳಿಸುವುದಿಲ್ಲ ಎನ್ನಬೇಕಾದರೆ ಅಪ್ಪನಿಗೆ ಕಾರಣ ಹೇಳಬೇಕಿತ್ತು. ಅಕ್ಕ ಒಂದು ಇಡೀ ದಿನ ಒದ್ದಾಡಿದಳು. ಕೊನೆಗೆ ಕೇಂದ್ರದ ಮೆಟ್ಟಿಲ ಮೇಲೆ ನಿಂತು ಊರಿಗೆ ಫೋನು ಮಾಡಿ, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಆಚೆಯಿಂದ ಒಲೆಯ ಬಾಗಿಲು ತೆರೆದು ಮುಚ್ಚಿದ ಸದ್ದು ಮಾತ್ರ ಬಂತು.

"ಬರ್ತೀನಿ," ಎಂದು ಇಟ್ಟುಬಿಟ್ಟರು.

ಮಾರನೇ ದಿನ ಬೆಳಗ್ಗೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಹೆಗಲಿಗೊಂದು ಚೀಲ, ಕೈಯಲ್ಲೊಂದು ಚೀಲ. ಮಗ ಒಳಕೋಣೆಯಿಂದ ಹೊದಿಕೆ ಸುತ್ತಿಕೊಂಡು ಬಂದ. ಅಪ್ಪನನ್ನು ನೋಡಿದವನೇ ಅಕ್ಕನ ಕಡೆ ತಿರುಗಿದ. ಆ ನೋಟವನ್ನು ಅವಳು ಬಹಳ ದಿನ ಮರೆಯಲಿಲ್ಲ.

ಅಪ್ಪ ಚೀಲ ಬಿಚ್ಚಿ ಮೇಜಿನ ಮೇಲೆ ಬ್ರೆಡ್ಡು, ಬನ್ನು, ಬೆಣ್ಣೆ, ಜಾಮಿನ ಬಾಟಲಿ ಎಲ್ಲ ಹರಡಿದರು. ಒಂದು ಬನ್ನು ಮುರಿದು ಚಾಚಿದರು.

"ತಿನ್ನು."

"ಅಪ್ಪ, ಈಗ ಬೇಡ."

"ಬೇಡ ಅನ್ನೋಕೆ ಏನಾಗಿದೆ ನಿಂಗೆ? ಕೈ ಇದೆ, ಬಾಯಿ ಇದೆ, ಹಲ್ಲಿದೆ. ನಿನ್ನೆ ಹಿಟ್ಟು ನಾದಿ, ಕಾವು ಆರೋದ್ರೊಳಗೆ ಕಟ್ಕೊಂಡು ಬಂದಿದೀನಿ. ಒಂದು ತುಂಡು ತಿನ್ನೋಕೆ ಡಾಕ್ಟ್ರು ಬೇಕಾ? ಅದಕ್ಕೊಂದು ಕ್ಲಿನಿಕ್ ಬೇಕಾ?"

"ಅಪ್ಪ, ಹಾಗೆಲ್ಲ ಬಲವಂತ ಮಾಡಬಾರ್ದು," ಎಂದಳು ಅಕ್ಕ. "ಡಾಕ್ಟರಮ್ಮ ಹೇಳಿದಾರೆ. ಇಷ್ಟು ದಿನ ಬಿಟ್ಟು ಒಂದೇ ಸಲ ಜಾಸ್ತಿ ಹೋದ್ರೆ ಎದೆಗೆ ಅಪಾಯ ಅಂತೆ."

"ನನ್ನ ಬ್ರೆಡ್ಡಿಂದ ಅಪಾಯನಾ?" ಎಂದರು ಅಪ್ಪ. "ಇವನನ್ನ ಬೆಳೆಸಿದ್ದು ಏನು ತಿನ್ನಿಸಿ?"

ತಮ್ಮ ಮುಂದೆ ಬಂದು ಬನ್ನು ತೆಗೆದುಕೊಂಡ. ಬಾಯಿಯ ಹತ್ತಿರ ತಂದ. ಬನ್ನಿನ ಪುಡಿ ಹೊದಿಕೆಯ ಮೇಲೆ ಉದುರಿತು. ತುಟಿಗೆ ತಾಗಿಸಿಕೊಂಡು ಹಾಗೇ ನಿಂತ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ. ಅಪ್ಪ ನೋಡುತ್ತಿದ್ದರು. ಮಗನ ಮಣಿಕಟ್ಟು ಹೊದಿಕೆಯಿಂದ ಈಚೆ ಬಂದಿತ್ತು. ಅವರು ಅದನ್ನು ಅದುವರೆಗೆ ನೋಡಿರಲಿಲ್ಲ.

"ಆಗ್ತಿಲ್ಲ ಅಪ್ಪ," ಎಂದ ಅವನು. "ನಿಮ್ಮಾಣೆ, ಆಗ್ತಿಲ್ಲ."

ಬನ್ನನ್ನು ಮೆತ್ತಗೆ ಮೇಜಿನ ಮೇಲಿಟ್ಟು, ಚಪ್ಪಲಿಯೂ ಮೆಟ್ಟದೆ ಬಾಗಿಲು ತೆರೆದು ಹೊರಟುಹೋದ.

ಅಕ್ಕ ಹಿಂದೆಯೇ ಓಡಿದಳು. ಮೆಟ್ಟಿಲ ಕೆಳಗೆ ಹೊದಿಕೆ ಮಾತ್ರ ಬಿದ್ದಿತ್ತು. ಬೀದಿಯ ತುದಿಯಲ್ಲಿ ಸಂತೆಯ ಗಾಡಿಗಳು, ಶಾಲೆಗೆ ಹೋಗುವ ಮಕ್ಕಳ ಗುಂಪು. ಅಪ್ಪ ಒಂದು ಕಡೆ, ಅವಳು ಒಂದು ಕಡೆ ಹುಡುಕಿದರು. ವಕೀಲೆ ಹಾಸ್ಟೆಲಿನಲ್ಲಿ ನೋಡಿ ಇಲ್ಲ ಎಂದಳು. ನದಿಯ ಸೇತುವೆ ದಾಟುವಾಗ ಅಕ್ಕ ಕೆಳಗೆ ನೋಡಬಾರದು ಎಂದುಕೊಂಡಳು, ನೋಡಿದಳು. ಕೆಲಸದಲ್ಲಿ ಎಷ್ಟು ಜನ ಹೀಗೆ ಕರೆ ಮಾಡಿ, ನಮ್ಮವರು ಕಾಣಿಸುತ್ತಿಲ್ಲ ಎಂದಿಲ್ಲ. ಅವರಿಗೆಲ್ಲ ಅವಳು ಹೇಳುತ್ತಿದ್ದ ಮಾತುಗಳಲ್ಲಿ ಒಂದೂ ಈಗ ತನಗೆ ಸಹಾಯಕ್ಕೆ ಬರಲಿಲ್ಲ.

ಸಿಕ್ಕಿದ್ದು ಅಪ್ಪನಿಗೆ. ಆರೋಗ್ಯ ಕೇಂದ್ರದ ಹೊರಗಿನ ಕಲ್ಲುಬೆಂಚಿನ ಮೇಲೆ, ಬರಿಗಾಲಲ್ಲಿ, ತಲೆ ಮೊಣಕಾಲಿಗೆ ಹಚ್ಚಿ ಕೂತಿದ್ದ. ಬೀಗ ತೆಗೆಯುವುದನ್ನು ಕಾಯುತ್ತಿದ್ದ. ಮಗ ಓಡಿಹೋಗಿದ್ದು ತನ್ನಿಂದ ದೂರಕ್ಕೆ ಎಂದುಕೊಂಡಿದ್ದವರು, ಅವನು ಡಾಕ್ಟರ ಬಾಗಿಲಿಗೆ ಬಂದು ಕೂತಿದ್ದನ್ನು ಕಂಡು ಒಂದು ಗಳಿಗೆ ನಿಂತಲ್ಲೇ ನಿಂತರಂತೆ. ಆಮೇಲೆ ಪಕ್ಕದಲ್ಲಿ ಕೂತು ತಮ್ಮ ಬೂಟು ಬಿಚ್ಚಿ ಅವನ ಕಾಲಿಗೆ ತೊಡಿಸಿದರು. ಅಕ್ಕ ತಲುಪುವ ಹೊತ್ತಿಗೆ ಅಪ್ಪ ಬರೀ ಕಾಲುಚೀಲದಲ್ಲಿದ್ದರು.

ಡಾಕ್ಟರಮ್ಮ ಬಂದು ಒಳಗೆ ಮಲಗಿಸಿ ಎದೆಗೆ ತಂತಿಗಳನ್ನು ಅಂಟಿಸಿದರು. ಯಂತ್ರದಿಂದ ಕಾಗದ ನಿಧಾನವಾಗಿ ಹೊರಬಂತು, ಗೆರೆಗಳ ಏರುಗಳ ನಡುವೆ ಬಹಳ ಜಾಗ, ಎದೆಬಡಿತ ಅಷ್ಟು ನಿಧಾನ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದರು, ಫೋನೆತ್ತಿದರು.

ಆ ಫೋನು ಸುಲಭಕ್ಕೆ ಮುಗಿಯಲಿಲ್ಲ. ಸರದಿಯಲ್ಲಿದ್ದಾನೆ ಎಂದರು ಕ್ಲಿನಿಕ್ಕಿನವರು. ಹೃದಯ ಸರದಿಯಲ್ಲಿ ನಿಲ್ಲುವುದಿಲ್ಲ ಎಂದರು ಡಾಕ್ಟರಮ್ಮ. ದೊಡ್ಡಾಸ್ಪತ್ರೆಯವರು ಇದು ಮನಸ್ಸಿನ ಕಾಯಿಲೆ, ನಮ್ಮ ವಾರ್ಡಿಗೆ ಬರುವುದಿಲ್ಲ ಎಂದರು. ಕ್ಲಿನಿಕ್ಕಿನವರು ಇದು ಈಗ ದೇಹದ ವಿಷಯ, ಅವರೇ ತೆಗೆದುಕೊಳ್ಳಬೇಕು ಎಂದರು. ಒಂದು ಹಂತದಲ್ಲಿ ಅಕ್ಕ ತಡೆಯಲಾರದೆ ಫೋನು ಕಿತ್ತುಕೊಂಡಂತೆ ತೆಗೆದುಕೊಂಡು, ಅವಳ ಜೀವಮಾನದಲ್ಲಿ ಯಾರ ಮೇಲೂ ಕೂಗಾಡದಷ್ಟು ಕೂಗಾಡಿದಳು. ಆಚೆಯವರು ಇಟ್ಟುಬಿಟ್ಟರು. ಅವಳು ಮುಖ ಕೆಂಪಾಗಿ ಫೋನನ್ನು ವಾಪಸು ಕೊಟ್ಟಳು. ಡಾಕ್ಟರಮ್ಮ ಮತ್ತೆ ನಂಬರು ಒತ್ತಿದರು.

"ನಾನು ಇವನನ್ನ ಮನೆಗೆ ಕಳಿಸಲ್ಲ," ಎಂದರು ಅವರು, ದೊಡ್ಡಾಸ್ಪತ್ರೆಯ ಹಿರಿಯ ವೈದ್ಯರಿಗೆ. "ನನ್ನ ಪರೀಕ್ಷೆ ಮಂಚದ ಮೇಲೆ ಮಲಗಿದ್ದಾನೆ. ನೀವು ಹಾಸಿಗೆ ಕೊಡೋವರೆಗೆ ಇಲ್ಲೇ ಮಲಗಿರ್ತಾನೆ, ನಾನೂ ಇಲ್ಲೇ ಕೂತಿರ್ತೀನಿ. ಬೇರೆ ರೋಗಿಗಳು ಹೊರಗೆ ನಿಂತಿದಾರೆ, ಅವರಿಗೆ ನಿಮ್ಮ ಹೆಸರು ಹೇಳಿ ಕಾಯೋಕೆ ಹೇಳ್ತೀನಿ."

ಹಾಸಿಗೆ ಸಿಕ್ಕಿತು. ವಯಸ್ಸಾದವರೇ ತುಂಬಿದ ವಾರ್ಡಿನ ಕೊನೆಯ ಮಂಚ. ಅಲ್ಲಿಯ ನರ್ಸುಗಳಿಗೆ ಇಂಥ ರೋಗಿ ಹೊಸಬ. ಒಬ್ಬಳು ಅವನು ಮುಟ್ಟದ ತಟ್ಟೆ ನೋಡಿ, "ಎಷ್ಟು ಜನಕ್ಕೆ ಊಟ ಇಲ್ಲ ಗೊತ್ತಾ?" ಎಂದಳು. ಇನ್ನೊಬ್ಬಳು ಏನೂ ಅನ್ನದೆ ಕುರ್ಚಿ ಎಳೆದುಕೊಂಡು, ಅವನು ಒಂದು ಲೋಟ ಹಾಲು ಮುಗಿಸುವವರೆಗೆ ಕುದುರೆಗಳ ಬಗ್ಗೆ ಏನೇನೋ ಕೇಳುತ್ತ ಕೂತಳು. ಮೂರನೆಯ ದಿನ ಕ್ಲಿನಿಕ್ಕಿನಿಂದ ಅದೇ ಮೃದು ಮಾತಿನ ಹೆಂಗಸು ಬಂದಳು. ಮಂಚದ ಪಕ್ಕ ನಿಂತು, "ಅವತ್ತು ನಾನು ಹೇಳಿದ್ದು ತಪ್ಪಾಯ್ತು," ಎಂದಳು. "ತೂಕ ಒಂದನ್ನೇ ನೋಡಿ ಹೇಳಬಾರ್ದಿತ್ತು." ತಮ್ಮ ಪರವಾಗಿಲ್ಲ ಎಂದ. ಅಕ್ಕ ಹಾಗನ್ನಲಿಲ್ಲ, ಅವಳಿಗೆ ಆ ಮಾತು ಇನ್ನೂ ಚುಚ್ಚುತ್ತಿತ್ತು.

ವಾರ್ಡಿನಿಂದ ಬಿಟ್ಟ ಮೇಲೆ ಕ್ಲಿನಿಕ್ಕಿನಲ್ಲಿ ಹಗಲು ಚಿಕಿತ್ಸೆಗೆ ಜಾಗ ಕೊಟ್ಟರು. ಬೆಳಗ್ಗೆ ಹೋಗಿ ಸಂಜೆ ಬರುವುದು. ಕಾಲೇಜಿಗೆ ಒಂದು ವರ್ಷ ರಜೆ ಹಾಕಿದರು. ಹಾಗಿದ್ದರೂ ಊರಿಗೆ ಹೋಗುವ ಹಾಗಿರಲಿಲ್ಲ, ಹೋದರೆ ಆ ಜಾಗವೂ ಹೋಗುತ್ತಿತ್ತು. ಅಪ್ಪ ಮೊದಲು ಒಪ್ಪಲಿಲ್ಲ. ಮನೆಯ ಗಾಳಿ ಬೇಕು, ಅಮ್ಮನ ಕೈ ಬೇಕು ಎಂದರು. ಅಮ್ಮನೇ ಫೋನಿನಲ್ಲಿ ತೀರ್ಮಾನ ಮಾಡಿದರು.

"ನಿಮಗೆ ಮಗ ಕಣ್ಣೆದುರಿಗೆ ಇರಬೇಕಾ, ಬದುಕಿರಬೇಕಾ? ಸುಮ್ನೆ ಬನ್ನಿ ಮನೆಗೆ. ನಾನೂ ಅಲ್ವಾ ಇಲ್ಲಿ ಕೂತಿರೋದು."

ಅಪ್ಪ ಹೋದರು. ಬೇಕರಿಯ ವಾರದ ರಜೆಯ ಹಿಂದಿನ ರಾತ್ರಿ ರೈಲು ಹತ್ತಿ ಬರುವುದು, ಮಾರನೇ ಸಂಜೆ ಹೊರಡುವುದು ಎಂದಾಯಿತು. ಮನೆಯವರನ್ನು ಕೂರಿಸಿಕೊಂಡು ಕ್ಲಿನಿಕ್ಕಿನವರು ಹೇಳಿದ್ದು ಇಷ್ಟೇ. ತಟ್ಟೆಯ ಮುಂದೆ ತಟ್ಟೆಯ ಮಾತು ಬೇಡ. ಎಷ್ಟು ತಿಂದೆ, ಯಾಕೆ ಬಿಟ್ಟೆ, ಮುಖಕ್ಕೆ ಕಳೆ ಬಂತು, ಯಾವುದೂ ಬೇಡ. ಬೇರೆ ಏನಾದರೂ ಮಾತಾಡಿ.

ಅಪ್ಪನಿಗೆ ಬೇರೆ ಮಾತೇ ಬರುತ್ತಿರಲಿಲ್ಲ. ಮೊದಲ ಸಲ ಮೂವರೂ ಮೇಜಿಗೆ ಕೂತಾಗ ಅವರು ನಾಲ್ಕು ಸಲ ಬಾಯಿ ತೆರೆದು ನಾಲ್ಕು ಸಲವೂ ಮುಚ್ಚಿದರು. ತಮ್ಮ ಅನ್ನದ ಮೇಲೆ ಚಮಚ ಇಟ್ಟುಕೊಂಡು ಗೋಡೆ ನೋಡುತ್ತಿದ್ದ. ಅವನ ದವಡೆ ಬಿಗಿದಿತ್ತು. ಅಕ್ಕ ತನ್ನ ಕಾಲ್ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದಳು.

"ನಿಮ್ಮಮ್ಮ," ಎಂದರು ಅಪ್ಪ ಕೊನೆಗೆ, "ನಮ್ಮ ಮೇಲಿನ ಮಹಡಿ ಮುದುಕನ ಜೊತೆ ಮಾತು ಬಿಟ್ಟಿದಾಳೆ."

"ಯಾಕೆ?" ಎಂದ ತಮ್ಮ, ಗೋಡೆಯಿಂದ ಕಣ್ಣು ತೆಗೆಯದೆ.

"ಅವನು ಗಿಳಿ ತಂದಿದಾನೆ. ಅದು ನಿಮ್ಮಮ್ಮನ ಥರಾನೇ ಕೂಗುತ್ತೆ. ಗಿರಾಕಿಗಳು ಬಂದು, ಅಮ್ಮಾವ್ರೆ ಕರೆದ್ರಾ ಅಂತಾರೆ. ಇವಳು ಇಲ್ಲ ಅಂತಾಳೆ. ಮೇಲಿಂದ ಗಿಳಿ, ಹೌದು ಬನ್ನಿ ಅನ್ನುತ್ತೆ."

"ಗಂಡು ಗಿಳಿನಾ, ಹೆಣ್ಣಾ?"

"ನಂಗೇನು ಗೊತ್ತು? ನೀನಲ್ವಾ ಡಾಕ್ಟ್ರು."

ತಮ್ಮ ಗಿಳಿಯ ಕೊಕ್ಕಿನ ಬಗ್ಗೆ, ಮೂಗಿನ ಹೊಳ್ಳೆಯ ಬಣ್ಣದ ಬಗ್ಗೆ ಹೇಳತೊಡಗಿದ. ಕೆಲವು ಜಾತಿಯಲ್ಲಿ ನೋಡಿದರೆ ತಿಳಿಯುತ್ತದೆ, ಕೆಲವು ಜಾತಿಯಲ್ಲಿ ರಕ್ತ ಪರೀಕ್ಷೆಯೇ ಬೇಕು. ಹೇಳುತ್ತ ಹೇಳುತ್ತ ಒಂದು ಚಮಚ ಬಾಯಿಗೆ ಹೋಯಿತು. ಅಪ್ಪ ಅದನ್ನು ನೋಡಿದರು, ನೋಡದವರ ಹಾಗೆ ಕಿಟಕಿಯ ಕಡೆ ತಿರುಗಿ, ಗಿಳಿಗೆ ಏನು ಹಾಕಬೇಕು ಎಂದು ಕೇಳಲು ಹೋಗಿ ತಡೆದುಕೊಂಡರು. "ಅದಕ್ಕೆ ಸ್ನಾನ ಮಾಡಿಸ್ತಾರಾ?" ಎಂದರು.

ಆಮೇಲಿನದು ನೇರವಾಗಿ ಮೇಲಕ್ಕೆ ಹೋದ ದಾರಿಯಲ್ಲ. ಬೇಸಿಗೆಯಲ್ಲಿ ಮತ್ತೊಮ್ಮೆ ಕುಸಿದ, ಕ್ಲಿನಿಕ್ಕಿಗೆ ಹೋಗುವುದಿಲ್ಲ ಎಂದು ಬಾಗಿಲು ಹಾಕಿಕೊಂಡ. ವಕೀಲೆ ಬಂದು ಬಾಗಿಲ ಹೊರಗೆ ಕೂತು, ಒಂದು ಮಧ್ಯಾಹ್ನ ಪೂರ್ತಿ ಒಳಗಿದ್ದವನ ಜೊತೆ ವಾದ ಮಾಡಿ ಗೆದ್ದಳು. ಮೇಷ್ಟ್ರು ಇನ್ನೂ ಇದ್ದಾನಾ ಎಂದು ಅಕ್ಕ ಒಮ್ಮೆ ಕೇಳಿದಾಗ, "ಇದಾನೆ, ಆದ್ರೆ ದನಿ ಕಟ್ಟಿದೆ," ಎಂದ.

ವರ್ಷ ತಿರುಗಿದ ಮೇಲೆ ಅವನು ಕಾಲೇಜಿಗೆ ವಾಪಸಾದ, ತನಗಿಂತ ಚಿಕ್ಕವರ ಕ್ಲಾಸಿಗೆ. ಮೊದಲ ದಿನ ಅಪ್ಪ ಊರಿನಿಂದ ಬಂದಿದ್ದರು. ಗೇಟಿನವರೆಗೆ ಮೂವರೂ ನಡೆದು ಹೋದರು. ಹೊಸ ಸಹಪಾಠಿಗಳಲ್ಲಿ ಯಾರೋ ಹೆಸರು ಕೇಳಿದರು. ಈ ಸಲ ಅವನು ಶಾಲೆಯ ದಾಖಲೆಯಲ್ಲಿರುವ ತನ್ನ ಪೂರ್ತಿ ಹೆಸರನ್ನೇ ಹೇಳಿದ. ಅಪ್ಪನಿಗೆ ಅದು ಕೇಳಿಸಿತು. ಏನೋ ತಮಾಷೆ ಮಾಡಲು ಹೊರಟು ಬಾಯಿ ಕಟ್ಟಿಕೊಂಡು, ಮಗನ ಬೆನ್ನು ಒಮ್ಮೆ ಸವರಿ ಕಳಿಸಿಕೊಟ್ಟರು.

ಅವನು ಒಳಗೆ ಹೋದ ಮೇಲೂ ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು.

"ಮಧ್ಯಾಹ್ನ ಊಟಕ್ಕೆ ಏನು ಮಾಡ್ತಾನೋ," ಎಂದರು.

"ಊಟ ಮಾಡ್ತಾನೆ ಅಪ್ಪ. ವಕೀಲೆ ಜೊತೆ ಕೂರ್ತಾನೆ."

"ಮಾಡದಿದ್ರೆ?"

ಅಕ್ಕನಿಗೆ ಪಾಳಿಗೆ ಹೊತ್ತಾಗಿತ್ತು. "ಮಾಡದಿದ್ರೆ ಡಾಕ್ಟರಮ್ಮನ ಹತ್ರ ಹೋಗ್ತಾನೆ," ಎಂದಳು. "ಈಗ ಅವನಿಗೆ ಆ ದಾರಿ ಗೊತ್ತು." ಹಾಗೆ ಹೇಳಿ, ಅಪ್ಪನ ತೋಳು ಹಿಡಿದು ಬಸ್ಸು ನಿಲ್ಲುವ ಕಡೆಗೆ ಹೆಜ್ಜೆ ಹಾಕಿದಳು.